ಸೊಂಟ ನೋವಿದ್ದರೆ ಹೆಲ್ತ್ ಇನ್ಶೂರೆನ್ಸ್ ಅರ್ಜಿ ತುಂಬುವುದು ಹೇಗೆ

ಮೊದಲ ಸಲ ಅರ್ಜಿ ತುಂಬುವಾಗ ನಾನು ‘ಬೆನ್ನು ನೋವು’ ಅಂತ ಎರಡೇ ಪದ ಬರೆದಿದ್ದೆ. ಪಾಲಿಸಿ ಕೈಗೆ ಬಂದಾಗ ನೋಡಿದರೆ, ಕುತ್ತಿಗೆಯಿಂದ ಸೊಂಟದವರೆಗೆ ಬೆನ್ನುಮೂಳೆಯ ಯಾವ ಚಿಕಿತ್ಸೆಗೂ ದುಡ್ಡು ಕೊಡುವುದಿಲ್ಲ ಅಂತ ಬರೆದಿತ್ತು. ನನಗಿದ್ದದ್ದು ಬರೀ ಸೊಂಟದ ಸ್ನಾಯು ನೋವು. ನೀವು ಹಾಗೆ ಬರೆಯಬೇಡಿ.

ನಿಮ್ಮ ನೋವು ಎಷ್ಟು ಅನ್ನುವುದಕ್ಕಿಂತ ಮುಂದೆ ಆಪರೇಷನ್ ಬೇಕಾಗಬಹುದಾ ಅನ್ನುವುದೇ ಕಂಪನಿಯವರ ಚಿಂತೆ. ಸ್ನಾಯು ನೋವು ಬೇರೆ. ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತನೆಯ ಬಿಲ್ಲೆ) ನರ ಒತ್ತಿ ಕಾಲಿಗೆ ನೋವು ಇಳಿಯುವುದು, ಜೋಮು ಹಿಡಿಯುವುದು ಬೇರೆ. ಹಾಗಾಗಿ ಅರ್ಜಿಗೆ ಮೊದಲು ಡಾಕ್ಟರ ಹತ್ತಿರ ಒಂದು ಪತ್ರ ಬರೆಸಿಕೊಳ್ಳಿ: ನೋವು ಯಾವಾಗ ಶುರುವಾಯಿತು, ಕಾಲಿಗೆ ಇಳಿಯುತ್ತದಾ, ಆಪರೇಷನ್ ಬೇಕು ಅಂತ ಯಾರಾದರೂ ಹೇಳಿದ್ದಾರಾ, ಕೊನೆಯ ಚಿಕಿತ್ಸೆ ಯಾವಾಗ ಆಯಿತು. ಎಂಆರ್‌ಐ ರಿಪೋರ್ಟಿನಲ್ಲಿ ‘ಡಿಸ್ಕ್ ಬಲ್ಜ್’, ಅಂದರೆ ಡಿಸ್ಕ್ ಉಬ್ಬಿದೆ ಅಂತಿದ್ದರೆ ಅದರ ಅರ್ಥವೂ ಆ ಪತ್ರದಲ್ಲಿರಲಿ. ನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ನೋಡಿದಾಗಲೂ 20ರ ವಯಸ್ಸಿನವರಲ್ಲಿ ಸುಮಾರು ಶೇ. 30, 80ರವರಲ್ಲಿ ಶೇ. 84 ಮಂದಿಗೆ ಅದು ಕಂಡಿದೆ. ವಿವರಣೆ ಇಲ್ಲದ ರಿಪೋರ್ಟ್ ಸುಮ್ನೆ ಭಯ ಹುಟ್ಟಿಸುತ್ತದೆ.

ಮುಚ್ಚಿಡಬೇಡಿ. “ಅದನ್ನೆಲ್ಲ ಬರೆಯೋದು ಬೇಡ ಬಿಡಿ” ಅನ್ನುವ ಏಜೆಂಟರು ಸಿಗುತ್ತಾರೆ, ಆದರೆ ಕೆಳಗೆ ಸಹಿ ನಿಮ್ಮದು ಅಲ್ವಾ? ಕ್ಲೇಮ್ ಬಂದಾಗ ಹಳೇ ಚೀಟಿ, ಫಿಸಿಯೋಥೆರಪಿ ಬಿಲ್ ಎಲ್ಲ ಕೇಳುತ್ತಾರೆ. ಮುಚ್ಚಿಟ್ಟದ್ದು ಗೊತ್ತಾದರೆ ಬೆನ್ನಿನ ಕ್ಲೇಮ್ ಮಾತ್ರ ಅಲ್ಲ, ಇಡೀ ಪಾಲಿಸಿಯೇ ರದ್ದಾಗಬಹುದು.

ಬೆನ್ನಿನ ಚಿಕಿತ್ಸೆಗೆ ದುಡ್ಡು ಸಿಗಬೇಕಾದರೆ ಕೆಲವು ವರ್ಷ ಕಾಯಿರಿ ಅಂತ ಕಂಪನಿ ಅನ್ನಬಹುದು, ಪ್ರೀಮಿಯಂ ಜಾಸ್ತಿ ಮಾಡಬಹುದು, ಬೆನ್ನನ್ನೇ ಹೊರಗಿಡಬಹುದು, ಪಾಲಿಸಿಯೇ ಇಲ್ಲ ಅನ್ನಲೂಬಹುದು. ಇದು ದೇಶದ ನಿಯಮದ ಮೇಲೆ ನಿಂತಿದೆ. ಭಾರತದಲ್ಲಿ 2024ರಿಂದ ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ 36 ತಿಂಗಳು ಮೀರುವಂತಿಲ್ಲ. ಆಸ್ಟ್ರೇಲಿಯಾದ ಆಸ್ಪತ್ರೆ ಪಾಲಿಸಿಗಳಲ್ಲಿ ಅದು 12 ತಿಂಗಳು. ನನ್ನನ್ನು ಕೇಳಿದರೆ, ಕಾಯುವುದೇ ವಾಸಿ, ಯಾಕೆಂದರೆ ಅದಕ್ಕೊಂದು ಕೊನೆ ಇದೆ.

ಹೊರಗಿಡುತ್ತೇವೆ ಅಂದರೆ ಆ ವಾಕ್ಯವನ್ನು ಎರಡು ಸಲ ಓದಿ. ‘ಬೆನ್ನುಮೂಳೆಗೆ ಸಂಬಂಧಿಸಿದ ಎಲ್ಲವೂ’ ಅಂತಿದ್ದರೆ ನಾಳೆ ಬಿದ್ದು ಮೂಳೆ ಮುರಿದರೂ ದುಡ್ಡು ಸಿಗದೇ ಹೋಗಬಹುದು. ಡಾಕ್ಟರ ಪತ್ರ ಮುಂದಿಟ್ಟು, ಇರುವ ತೊಂದರೆಗೆ ಮಾತ್ರ ಸೀಮಿತ ಮಾಡಿ, ಅಪಘಾತವಾದರೆ ದುಡ್ಡು ಸಿಗುವಂತೆ ಮಾಡಿ, ಎರಡು ವರ್ಷ ನೋವಿಲ್ಲದಿದ್ದರೆ ಮತ್ತೆ ಪರಿಶೀಲಿಸುತ್ತೀರಾ ಅಂತ ಬರಹದಲ್ಲೇ ಕೇಳಿ. ಎಲ್ಲರೂ ಒಪ್ಪುವುದಿಲ್ಲ, ಆದರೂ ಕೇಳಲೇಬೇಕು.

ಇನ್ನೊಂದು ಮಾತು. ಒಂದೇ ಸಲ ನಾಲ್ಕೈದು ಕಡೆ ಅರ್ಜಿ ಹಾಕಬೇಡಿ. ಹಿಂದೆ ಯಾರಾದರೂ ನಿಮ್ಮ ಅರ್ಜಿ ತಿರಸ್ಕರಿಸಿದ್ದಾರಾ ಅಂತ ಎಷ್ಟೋ ಫಾರ್ಮ್‌ಗಳಲ್ಲಿ ಕೇಳುತ್ತಾರೆ, ಹಾಗಾಗಿ ಅರ್ಜಿ ಹಾಕುವ ಮೊದಲು ಬಾಯಿಮಾತಿನಲ್ಲಿ ವಿಚಾರಿಸಿ. ತುಂಬಿದ ಅರ್ಜಿಯ ನಕಲು, ಜೊತೆಗಿಟ್ಟ ಪತ್ರ ಎರಡನ್ನೂ ಜೋಪಾನ ಮಾಡಿ. ಮುಂದೆ ಯಾವತ್ತಾದರೂ “ನೀವು ಹೇಳಿರಲಿಲ್ಲ” ಅಂದರೆ ಅದನ್ನೇ ತೋರಿಸಬೇಕು.