ಮನೇಲೇ ಚಾಕ್ಲೇಟ್ ಕಡ್ಲೆಬೀಜದ ಎನರ್ಜಿ ಬಾರ್: ನಾಲ್ಕು ಸಲ ಕೆಟ್ಟ ಮೇಲೆ ಕೈ ಕುದುರಿದ್ದು

ನಮ್ಮನೆಯವರು ಭಾನುವಾರ ಬೆಳಗಿನ ಜಾವ ನಾಲ್ಕೂವರೆಗೆಲ್ಲ ಸೈಕಲ್ ತಗೊಂಡು ನಂದಿ ಬೆಟ್ಟಕ್ಕೆ ಹೊರಟುಬಿಡ್ತಾರೆ. ರಾಜಾಜಿನಗರದಿಂದ ಹೋಗಿ ಬರೋದು ಹತ್ರ ಹತ್ರ 120 ಕಿಲೋಮೀಟರ್, ಅಷ್ಟು ಹೊತ್ತಿಗೆ ಇಡ್ಲಿ ಉಪ್ಪಿಟ್ಟು ಯಾವುದೂ ಗಂಟಲಲ್ಲಿ ಇಳಿಯಲ್ಲ, ಬಾಳೆಹಣ್ಣು ಜರ್ಸಿ ಹಿಂದಿನ ಜೇಬಲ್ಲಿ ಹಾಕ್ಕೊಂಡ್ರೆ ದೇವನಹಳ್ಳಿ ದಾಟೋದ್ರೊಳಗೆ ಪಿಚ್ಚಾಗಿರುತ್ತೆ. ಅದಕ್ಕೆ ಅಂಗಡಿ ಬಾರ್ ತರೋಕೆ ಶುರು ಮಾಡಿದ್ರು, ಒಂದಕ್ಕೆ ಐವತ್ತು ಅರವತ್ತು ರೂಪಾಯಿ, ಒಂದು ರೈಡ್‌ಗೆ ಮೂರು ಬೇಕು. ಒಂದಿನ ಕವರ್ ಹಿಂದೆ ಓದಿ ನೋಡ್ತೀನಿ, ಮೊದಲ್ನೇ ಹೆಸರೇ ಗ್ಲುಕೋಸ್ ಸಿರಪ್ಪು, ಬೀಜ ಎಲ್ಲೋ ಕೊನೇಲಿ. ಚಿಕ್ಕಿ, ತಂಬಿಟ್ಟು, ಹುರಿಹಿಟ್ಟಿನ ಉಂಡೆ ಇಷ್ಟೆಲ್ಲ ಮಾಡೋ ಮನೆ ನಮ್ದು, ಇದೊಂದು ಮಾಡೋಕಾಗಲ್ವಾ ಅನ್ನಿಸ್ತು. ಎರಡು ವರ್ಷದ ಮೇಲಾಯ್ತು, ಈಗ ಹದಿನೈದು ದಿನಕ್ಕೊಂದು ಸಲ ಒಂದು ಟ್ರೇ ಮಾಡ್ತೀನಿ, ಅವರ ಜೊತೆ ನನ್ನ ಆಫೀಸ್ ಬ್ಯಾಗಿಗೂ ಎರಡು ಹೋಗುತ್ತೆ, ಸಾಯಂಕಾಲ ಮೆಟ್ರೋಲಿ ಹೊಟ್ಟೆ ಚುರುಗುಟ್ಟೋ ಟೈಮಿಗೆ.

ಮೊದಲು ಬೀಜದ ವಿಷಯ ಹೇಳ್ತೀನಿ, ಬಾರ್ ಚೆನ್ನಾಗಿರೋದು ಕೆಟ್ಟಿರೋದು ಎಲ್ಲಾ ಅಲ್ಲೇ ತೀರ್ಮಾನ ಆಗಿಬಿಡುತ್ತೆ. ಪೀನಟ್ ಬಟರ್ ಡಬ್ಬಿ ಕೊಂಡುಕೊಂಡೂ ಮಾಡಬಹುದು, ಆದ್ರೆ ಅದರಲ್ಲಿ ಸಕ್ಕರೆ, ಎಣ್ಣೆ ಸೇರಿಸಿರೋದೇ ಜಾಸ್ತಿ ಸಿಗುತ್ತೆ, ಆಮೇಲೆ ಸಿಹಿ ಲೆಕ್ಕ ತಪ್ಪುತ್ತೆ. ನಾನು ಒಂದೊಂದು ಸಲಕ್ಕೆ ಅರ್ಧ ಕೆಜಿ ಒಣ ಕಡ್ಲೆಬೀಜ ತಂದು ಸುಕ್ಕಿದ್ದು, ಕಪ್ಪಾಗಿದ್ದು, ಬೂಷ್ಟು ಹಿಡಿದಿದ್ದು ಒಂದೂ ಬಿಡದೆ ಆರಿಸಿ ಬಿಸಾಕ್ತೀನಿ. ಬೂಷ್ಟು ಹಿಡಿದ ಬೀಜದಲ್ಲಿ ಅಫ್ಲಾಟಾಕ್ಸಿನ್ ಅನ್ನೋ ವಿಷ ಇರಬಹುದು, ಹುರಿದ್ರೂ ಪೂರ್ತಿ ಹೋಗಲ್ಲ. ಒಂದ್ಸಲ ಬಸವನಗುಡಿ ಪರಿಷೇಲಿ, ಅದೇ ಕಾರ್ತಿಕದ ಕೊನೇ ಸೋಮವಾರದ್ದು, ಆಸೆಗೆ ಮೂರು ಸೇರು ಕಡ್ಲೆಕಾಯಿ ತಂದು ಬಿಡಿಸಿ ಅದರಲ್ಲೇ ಮಾಡೋಕೆ ಹೋದೆ. ಅದು ಇನ್ನೂ ಹಸಿ, ಎಷ್ಟು ರುಬ್ಬಿದ್ರೂ ಎಣ್ಣೆ ಬಿಡ್ಲಿಲ್ಲ, ಚಟ್ನಿ ಥರ ಮುದ್ದೆ ಆಗಿ ಕೂತುಬಿಡ್ತು. ಪರಿಷೆ ಕಾಯಿ ಬೇಯಿಸ್ಕೊಂಡು ತಿನ್ನೋಕೇ ಚೆಂದ.

ದಪ್ಪ ತಳದ ಬಾಣಲೆ, ಸಣ್ಣ ಉರಿ, ಹದಿನೈದು ನಿಮಿಷ ಕೈ ಬಿಡದೆ ಆಡಿಸಬೇಕು. ಸಿಪ್ಪೆ ಚಟಪಟ ಅಂತ ಬಿರಿಯುತ್ತೆ, ಒಂದು ಬೀಜ ಬಾಯಿಗೆ ಹಾಕ್ಕೊಂಡ್ರೆ ಹಸಿ ವಾಸನೆ ಹೋಗಿರಬೇಕು. ಉರಿ ಜೋರು ಮಾಡಿದ್ರೆ ಮೇಲೆ ಕಪ್ಪು ಒಳಗೆ ಹಸಿ, ಆ ಕಹಿ ಚಾಕ್ಲೇಟ್ ಹಾಕಿದ್ರೂ ಮುಚ್ಚಲ್ಲ. ಆರಿದ ಮೇಲೆ ನಮ್ಮತ್ತೆ ಅಂಗೈಯಲ್ಲಿ ಉಜ್ಜಿ ಮೊರದಲ್ಲಿ ಕೇರಿ ಕೊಡ್ತಾರೆ, ಎರಡೇ ನಿಮಿಷದಲ್ಲಿ ಸಿಪ್ಪೆ ಎಲ್ಲಾ ಒಂದು ಕಡೆ ಬೀಜ ಒಂದು ಕಡೆ. ನಾನು ಕೇರೋಕೆ ಹೋದ್ರೆ ಅರ್ಧ ಬೀಜ ನೆಲದ ಮೇಲೆ ಇರುತ್ತೆ, ಆ ಕೆಲಸ ಅವರದ್ದೇ.

ಮಿಕ್ಸಿ ಚಟ್ನಿ ಜಾರಿಗೆ ಅರ್ಧಕ್ಕಿಂತ ಜಾಸ್ತಿ ತುಂಬಬಾರದು. ಮೊದಲು ಪುಡಿ ಆಗುತ್ತೆ, ಆಮೇಲೆ ಪುಡಿ ಜಾರಿನ ಗೋಡೆಗೆ ಹತ್ಕೊಂಡು ಗಟ್ಟಿ ಮುದ್ದೆ ಆಗುತ್ತೆ, ಇಲ್ಲೇ ಎಲ್ಲರೂ ಎಣ್ಣೆ ಸುರೀತಾರೆ, ಇನ್ನು ಕೆಲವರು ನೀರು. ಎರಡೂ ಬೇಡ! ಕಡ್ಲೆಬೀಜದಲ್ಲೇ ನೂರಕ್ಕೆ 40 ರಿಂದ 50 ಭಾಗ ಎಣ್ಣೆ ಇದೆ, ಅದು ಹೊರಗೆ ಬರೋವರೆಗೂ ತಾಳ್ಮೆ ಬೇಕು ಅಷ್ಟೇ. ಅರ್ಧ ನಿಮಿಷ ಓಡಿಸಿ ನಿಲ್ಲಿಸಿ, ಸ್ಪೂನಲ್ಲಿ ಗೋಡೆ ಕೆರೆದು ಕೆಳಗೆ ತಳ್ಳಿ, ಮತ್ತೆ ಅರ್ಧ ನಿಮಿಷ, ಹೀಗೆ ಏಳೆಂಟು ಸಲ. ಇದ್ದಕ್ಕಿದ್ದಂಗೆ ಸದ್ದು ಬದಲಾಗುತ್ತೆ, ಗರಗರ ಅಂತಿದ್ದಿದ್ದು ಮೆತ್ತಗಾಗಿ ಒಳಗೆ ದೋಸೆ ಹಿಟ್ಟಿನ ಥರ ಹೊಳೀತಾ ತಿರುಗೋಕೆ ಶುರು ಆಗುತ್ತೆ. ನಿಲ್ಲಿಸದೆ ಒಂದೇ ಸಮ ಓಡಿಸಿ ಒಂದ್ಸಲ ಮಿಕ್ಸಿ ಸತ್ತೇ ಹೋಯ್ತು, ಸುಟ್ಟ ವಾಸನೆ ಬೇರೆ, ನನಗೆ ಅಳುನೇ ಬಂತು. ನಮ್ಮತ್ತೆ ಬಂದು "ಯಾಕಮ್ಮ ಇಷ್ಟಕ್ಕೆಲ್ಲ ಗಾಬರಿ, ತಳದಲ್ಲಿ ನೋಡು" ಅಂತ ಮಿಕ್ಸಿ ಬೋರಲು ಹಾಕಿ ಕೆಂಪು ಬಟನ್ ಒತ್ತಿದ್ರು. ಲೋಡ್ ಜಾಸ್ತಿ ಆದಾಗ ತಾನಾಗೇ ಟ್ರಿಪ್ ಆಗೋ ಸ್ವಿಚ್ ಅಂತೆ, ಅರ್ಧ ಗಂಟೆ ಆರೋಕೆ ಬಿಟ್ಟ ಮೇಲೆ ಮೊದಲಿನ ಥರಾನೇ ಓಡ್ತು.

ಈಗ ಕೆಟ್ಟ ಕಥೆಗಳು. ಮೊದಲ್ನೇ ಸಲ ಅಚ್ಚು ಬೆಲ್ಲ ಕರಗಿಸಿ ಪಾಕ ತೆಗೆದು ಅದರಲ್ಲಿ ಓಟ್ಸು ಬೀಜ ಕಲಸಿದೆ, ಪಾಕ ಒಂದು ಹದ ಮೀರಿ ಹೋಗಿತ್ತು, ಆರಿದ ಮೇಲೆ ಲಟ್ಟಣಿಗೇಲಿ ಒಡೀಬೇಕಾಯ್ತು. ಚಿಕ್ಕಿಗೆ ಆ ಹದ ಸರಿ, ಸೈಕಲ್ ತುಳೀತಾ ಏದುಸಿರು ಬಿಡೋರಿಗೆ ಅಂಥದ್ದು ಅಗಿಯೋಕಾಗಲ್ಲ. ಎರಡನೇ ಸಲ ಖರ್ಜೂರ ಬಿಸಿನೀರಲ್ಲಿ ನೆನೆಸಿ ರುಬ್ಬಿ ಹಾಕಿದೆ, ಏನ್ ಮೆತ್ತಗೆ, ಏನ್ ರುಚಿ, ಎಲ್ಲರೂ ಹೊಗಳಿದ್ರು. ನಾಲ್ಕನೇ ದಿನ ಡಬ್ಬಿ ತೆಗೆದ್ರೆ ಹುಳಿ ವಾಸನೆ, ಮೂಲೇಲಿ ಬಿಳಿ ಬೂಷ್ಟು, ಪೂರ್ತಿ ಟ್ರೇ ಕಸಕ್ಕೆ ಹೋಯ್ತು. ಆವತ್ತು ನನಗೆ ಅರ್ಥ ಆಗಿದ್ದು, ಇದರೊಳಗೆ ನೀರು ಹೋಗಲೇಬಾರದು, ಎಲ್ಲೂ, ಒಂದು ಸ್ಪೂನೂ. ಚಿಕ್ಕಿ ತಂಬಿಟ್ಟು ತಿಂಗಳುಗಟ್ಟಲೆ ಡಬ್ಬೀಲಿ ಇರೋದು ನೀರು ಆರಿಸಿರೋದ್ರಿಂದಲೇ ಅಲ್ವಾ.

ಅಲ್ಲಿಂದ ಖರ್ಜೂರ ನೆನೆಸೋದು ಬಿಟ್ಟೆ. ಮೊದಲೇ ಮೆತ್ತಗಿರೋ ಕಿಮಿಯಾ ಖರ್ಜೂರ ತಗೋತೀನಿ, ರಸಲ್ ಮಾರ್ಕೆಟ್ ಕಡೆ ಹೋದಾಗ ಎರಡು ಬಾಕ್ಸ್ ತಂದಿಡ್ತೀನಿ, ರಂಜಾನ್ ಟೈಮಲ್ಲಿ ಒಳ್ಳೇದು ಸಿಗುತ್ತೆ. ಬೆಲ್ಲದ ಬದಲು ಜೋನಿ ಬೆಲ್ಲ. ನಮ್ಮ ತಂಗಿ ಕೊಟ್ಟಿರೋದು ಶಿರಸಿಗೆ, ಅಲ್ಲಿಂದ ಬರುತ್ತೆ, ಪಾಕದ ಥರ ಸುರಿಯೋಕೆ ಬರೋದ್ರಿಂದ ನೀರು ಹಾಕಿ ಕರಗಿಸೋ ಗೋಜೇ ಇಲ್ಲ.

ನನ್ನ ಅಳತೆ ಇದು, ಎಂಟು ಇಂಚಿನ ಚೌಕ ಟ್ರೇಗೆ: ಬೀಜ ತೆಗೆದ ಖರ್ಜೂರ 200 ಗ್ರಾಂ, ಪೀನಟ್ ಬಟರ್ 150, ಓಟ್ಸ್ 150, ಹೆಚ್ಚಿದ ಬಾದಾಮಿ 50, ಜೋನಿ ಬೆಲ್ಲ 60, ರಾಗಿ ಹುರಿಹಿಟ್ಟು 30, ಕಾಲು ಚಮಚ ಉಪ್ಪು, ಮೇಲಕ್ಕೆ ಡಾರ್ಕ್ ಚಾಕ್ಲೇಟ್ 100. ಉಪ್ಪು ಬಿಡಬೇಡಿ, ಚಾಕ್ಲೇಟಿನ ರುಚಿ ಏಳೋದೇ ಅದರಿಂದ, ಬೆವರು ಸುರಿಸೋರಿಗೆ ಬೇಕೂ ಬೇಕು. ರಾಗಿ ಮಾತ್ರ ಹುರಿಹಿಟ್ಟೇ ಆಗಬೇಕು, ರೊಟ್ಟಿ ಹಿಟ್ಟು ಹಾಕಿದ್ರೆ ಹಸಿ ರುಚಿ ಬರುತ್ತೆ, ಹುರಿಹಿಟ್ಟು ಅರಳಿಸಿ ಬೀಸಿರೋದು, ಹಾಗೇ ತಿನ್ನಬಹುದು, ಮೇಲಾಗಿ ಬೀಜ ಬಿಡೋ ಹೆಚ್ಚಿನ ಎಣ್ಣೆನ ಹೀರ್ಕೊಳ್ಳುತ್ತೆ.

ಓಟ್ಸ್, ಬಾದಾಮಿ ಬೇರೆ ಬೇರೆ ಬೆಚ್ಚಗೆ ಹುರಿದಿಟ್ಕೋತೀನಿ. ಅದೇ ಬಾಣಲೇಲಿ ಅರ್ಧ ಚಮಚ ತುಪ್ಪ, ಖರ್ಜೂರ ಹಾಕಿ ಸೌಟಿನ ಹಿಂಬದಿಯಿಂದ ಅಮುಕ್ತಾ ಹೋದ್ರೆ ಐದು ನಿಮಿಷಕ್ಕೆ ಹಲ್ವಾ ಥರ ಆಗುತ್ತೆ, ಅದಕ್ಕೆ ಜೋನಿ ಬೆಲ್ಲ, ಪೀನಟ್ ಬಟರ್, ಉಪ್ಪು, ಎರಡು ನಿಮಿಷ ತಿರುವಿ ಒಲೆ ಆರಿಸಿ ಒಣ ಪದಾರ್ಥ ಎಲ್ಲಾ ಸುರಿದು ಕೈಯಲ್ಲೇ ಕಲಸ್ತೀನಿ. ಒಂದು ಹಿಡಿ ತಗೊಂಡು ಮುಷ್ಟಿ ಕಟ್ಟಿ ಬಿಟ್ರೆ ತಂಬಿಟ್ಟಿನ ಉಂಡೆ ಥರ ನಿಲ್ಲಬೇಕು, ಉದುರಿದ್ರೆ ಒಂದು ಚಮಚ ಪೀನಟ್ ಬಟರ್, ಕೈಗೆ ಅಂಟಿದ್ರೆ ಸ್ವಲ್ಪ ಹುರಿಹಿಟ್ಟು. ಬಟರ್ ಪೇಪರ್ ಹಾಸಿದ ಟ್ರೇಗೆ ಹಾಕಿ ಸ್ಟೀಲ್ ಲೋಟದ ತಳದಿಂದ ಒತ್ತಿ, ಮೈಮೇಲಿನ ಶಕ್ತಿ ಎಲ್ಲಾ ಹಾಕಿ ಒತ್ತಿ, ಸಡಿಲ ಇದ್ರೆ ಕತ್ತರಿಸುವಾಗ ಪುಡಿಪುಡಿ.

ಚಾಕ್ಲೇಟಿಗೂ ನೀರೇ ಶತ್ರು. ಮೂರನೇ ಸಲ ಕುದಿಯೋ ನೀರಿನ ಪಾತ್ರೆ ಮೇಲೆ ಬಟ್ಟಲಿಟ್ಟು ಕರಗಿಸ್ತಾ ಇದ್ದೆ, ಮುಚ್ಚಳದಿಂದ ಆವಿ ಹನಿ ಬಿತ್ತು ನೋಡಿ, ರೇಷ್ಮೆ ಥರ ಇದ್ದ ಚಾಕ್ಲೇಟು ಕ್ಷಣದಲ್ಲಿ ಮರಳು ಮರಳು. ಅದಕ್ಕೆ ಬಿಸಿ ಹಾಲು ಹಾಕಿ ಚಪಾತಿಗೆ ಸವರೋ ಹಾಗೆ ಮಾಡ್ಕೊಂಡ್ವಿ, ಬಾರ್‌ಗೆ ಆಗಲ್ಲ. ಈಗ ಬಟ್ಟಲು ಒರೆಸಿ, ನೀರು ಸಣ್ಣಗೆ ಬಿಸಿ ಆದ ತಕ್ಷಣ ಒಲೆ ಆರಿಸಿ, ಮುಚ್ಚದೇನೇ ಕರಗಿಸ್ತೀನಿ. ಕೊಳ್ಳುವಾಗ ಕಾಂಪೌಂಡಾ ನಿಜವಾದ ಚಾಕ್ಲೇಟಾ ನೋಡಿ, ಕಾಂಪೌಂಡಲ್ಲಿ ಕೋಕೋ ಬೆಣ್ಣೆ ಬದಲು ಬೇರೆ ಸಸ್ಯದ ಕೊಬ್ಬು ಇರುತ್ತೆ, ಗಟ್ಟಿ ಆಗೋದು ಸುಲಭ, ರುಚಿ ಕಮ್ಮಿ. ಕೋಕೋ ನಮ್ಮ ದಕ್ಷಿಣ ಕನ್ನಡದ ಅಡಿಕೆ ತೋಟದಲ್ಲೇ ಬೆಳೆಯುತ್ತೆ, ಪುತ್ತೂರಲ್ಲಿ ಕ್ಯಾಂಪ್ಕೋದವರ ಚಾಕ್ಲೇಟ್ ಫ್ಯಾಕ್ಟರಿ 1986 ರಿಂದ ಇದೆ, ರೈತರ ಸಹಕಾರ ಸಂಘದ್ದು, ನನಗೆ ಅದರ ಮೇಲೆ ತುಂಬಾ ಅಭಿಮಾನ.

ನಾಲ್ಕನೇ ಸಲ ಕೆಟ್ಟಿದ್ದು ಬೆಂಗಳೂರಿನ ಬೇಸಿಗೆಗೆ. ಕೋಕೋ ಬೆಣ್ಣೆ ಕರಗೋದು 34 ಡಿಗ್ರಿ ಆಸುಪಾಸಲ್ಲಿ, ಬಾಯಲ್ಲಿಟ್ರೆ ಕರಗೋದು ಅದಕ್ಕೇ. ಆದ್ರೆ ಏಪ್ರಿಲಲ್ಲಿ ಊರಿನ ಬಿಸಿಲೇ 35 ದಾಟುತ್ತೆ, ಜರ್ಸಿ ಜೇಬಲ್ಲಿ ಬೆನ್ನಿನ ಶಾಖ ಬೇರೆ, ಬಿಚ್ಚಿದ್ರೆ ಕೈ, ಹ್ಯಾಂಡಲ್, ಬ್ರೇಕ್ ಎಲ್ಲಾ ಚಾಕ್ಲೇಟ್. ಹೊಳಪು ಬರಲಿ ಅಂತ ಒಂದು ಚಮಚ ಕೊಬ್ಬರಿ ಎಣ್ಣೆನೂ ಹಾಕಿದ್ದೆ, ಅದು ಇನ್ನೂ ಬೇಗ ಕರಗಿಸಿಬಿಡ್ತು. ಹಂಗಾಗಿ ಮಾರ್ಚಿಂದ ಮೇವರೆಗೂ ಮೇಲಿನ ಪದರಾನೇ ಬೇಡ, 20 ಗ್ರಾಂ ಕೋಕೋ ಪುಡಿ ಕಲಸೋವಾಗಲೇ ಹಾಕ್ತೀನಿ, ಹುರಿಹಿಟ್ಟು ಅಷ್ಟು ಕಮ್ಮಿ ಮಾಡ್ತೀನಿ. ಚಾಕ್ಲೇಟ್ ಘಮ ಹಾಗೇ ಇರುತ್ತೆ, ಕೈಗೆ ಅಂಟಲ್ಲ.

ಚಾಕ್ಲೇಟ್ ಹಾಕಿದ ಟ್ರೇ ಫ್ರಿಜ್ಜಲ್ಲಿ ಅರ್ಧ ಗಂಟೆ, ಪೂರ್ತಿ ಕಲ್ಲಾಗೋ ಮುಂಚೆ ಕತ್ತರಿಸಬೇಕು, ಇಲ್ಲಾಂದ್ರೆ ಮೇಲಿನ ಪದರ ಬಿರುಕು ಬಿಡುತ್ತೆ. ಚಾಕು ಬಿಸಿನೀರಲ್ಲಿ ಅದ್ದಿ ಚೆನ್ನಾಗಿ ಒರೆಸಿ ಕತ್ತರಿಸಿ. ಹದಿನಾಲ್ಕು ಬಾರ್ ಆಗುತ್ತೆ, ಒಂದೊಂದು ಐವತ್ತು ಗ್ರಾಂ ಚಿಲ್ಲರೆ. ನಾನು ಲೆಕ್ಕ ಹಾಕಿದ ಪ್ರಕಾರ ಒಂದಕ್ಕೆ ಸುಮಾರು 225 ಕ್ಯಾಲರಿ, ಪ್ರೋಟೀನ್ ಐದಾರು ಗ್ರಾಂ. ಸಣ್ಣ ಆಗೋಕೆ ತಿನ್ನೋ ತಿಂಡಿ ಅಲ್ಲ ಇದು, ಮೈ ದಣಿಸೋರಿಗೆ. ಹೊರಗಡೆ ಗಾಳಿ ಆಡದ ಡಬ್ಬೀಲಿ ಒಂದು ವಾರ, ಫ್ರಿಜ್ಜಲ್ಲಿ ಮೂರು ವಾರ ನಮ್ಮನೇಲಿ ಇಟ್ಟಿದೀನಿ, ಏನೂ ಆಗಿಲ್ಲ. ಬೇರೆಯವರ ಮಕ್ಕಳಿಗೆ ಕೊಡೋ ಮುಂಚೆ ಕಡ್ಲೆಬೀಜ ಆಗಿಬರುತ್ತಾ ಅಂತ ಅವರಮ್ಮನ್ನ ಕೇಳಿ, ಕೆಲವು ಮಕ್ಕಳಿಗೆ ಅಲರ್ಜಿ ತುಂಬಾ ಜೋರಿರುತ್ತೆ.

ನಮ್ಮತ್ತೆಗೆ ಚಾಕ್ಲೇಟ್ ಸೇರಲ್ಲ, ಟ್ರೇಯ ಒಂದು ಸಾಲು ಹಾಗೇ ಬರಿದು ಬಿಟ್ಟು ಅದರ ಮೇಲೆ ಏಲಕ್ಕಿ ಪುಡಿ, ಕೊಬ್ಬರಿ ತುರಿ ಉದುರಿಸ್ತೀನಿ. ಬೆಳಗ್ಗೆ ವಾಕಿಂಗ್ ಮುಗಿಸಿ ಕಾಫಿ ಜೊತೆ ಅದರಲ್ಲಿ ಅರ್ಧ ಮುರ್ಕೊಂಡು ತಿಂತಾರೆ, ಇನ್ನರ್ಧ ಸಂಜೆಗೆ ಅಂತ ಲೋಟ ಮುಚ್ಚಿಟ್ಟಿರ್ತಾರೆ.