ಇಟಲಿಯಲ್ಲಿ ಪಾಸ್ತಾ ಕಲಿಯಬೇಕೆ? ಮೊದಲು ಹಿಟ್ಟು ಯಾವುದೆಂದು ಕೇಳಿ

ಬೊಲೊನ್ಯಾ ಊರಿನ ಒಂದು ಅಡುಗೆಮನೆ. ನನ್ನ ಮುಂದೆ ದೊಡ್ಡ ಮರದ ಹಲಗೆ, ಅದರ ಮೇಲೆ 200 ಗ್ರಾಂ ಹಿಟ್ಟು, ಪಕ್ಕದಲ್ಲಿ ಎರಡು ಮೊಟ್ಟೆ. ಕಲಸೋದಕ್ಕೆ ಪಾತ್ರೆ ಎಲ್ಲಿ ಎಂದು ಸುತ್ತ ನೋಡಿದೆ. ಕಲಿಸುತ್ತಿದ್ದ ಹೆಂಗಸು ಹಲಗೆಯನ್ನೇ ತಟ್ಟಿ ತೋರಿಸಿದರು. ಹಿಟ್ಟಿನ ನಡುವೆ ಗುಂಡಿ ಮಾಡಿ ಮೊಟ್ಟೆ ಒಡೆದು ಹಾಕಿದೆ. ಎರಡೇ ನಿಮಿಷ. ಒಂದು ಕಡೆ ಹಿಟ್ಟಿನ ಕಟ್ಟೆ ಒಡೆದು ಮೊಟ್ಟೆಯೆಲ್ಲ ಹರಿದು ನನ್ನ ಕುರ್ತಾ ಮೇಲೆ ಬಂತು.

ಆದರೆ ಅವತ್ತು ಕಲಿತದ್ದು ಇನ್ನೂ ಕೈಯಲ್ಲಿದೆ. ಅದಕ್ಕೆ ನಾಲ್ಕು ದಿನ ಮೊದಲು ಬೇರೊಂದು ಊರಿನಲ್ಲಿ ಇಂಥದ್ದೇ ತರಗತಿಗೆ ದುಡ್ಡು ಕಟ್ಟಿ ಹೋಗಿದ್ದೆವು. ಅಲ್ಲಿ ಇಪ್ಪತ್ತೆರಡು ಜನ ಇದ್ದೆವು. ಹಿಟ್ಟು ಮೊದಲೇ ನಾದಿ ಇಟ್ಟಿದ್ದರು. ಸರದಿಯಲ್ಲಿ ನಿಂತು ಮೆಷಿನ್ನಿನ ಹಿಡಿ ತಿರುಗಿಸಿದೆವು, ಫೋಟೊ ತೆಗೆಸಿಕೊಂಡೆವು, ಉಂಡು ಬಂದೆವು. ಊಟ ಚೆನ್ನಾಗಿಯೇ ಇತ್ತು, ಸುಳ್ಳು ಹೇಳಬಾರದು. ಆದರೆ ರೆಸಿಪಿಗೆ ಯೂಟ್ಯೂಬ್ ಸಾಕಲ್ವಾ? ಅಷ್ಟು ದೂರ ಹೋಗಿ ದುಡ್ಡು ಕೊಡುವುದು ಹಿಟ್ಟಿನ ಹದ ಕೈಗೆ ಗೊತ್ತಾಗಲಿ ಅಂತ. ಆ ಲೆಕ್ಕದಲ್ಲೇ ತರಗತಿ ಹುಡುಕುವುದು ಹೇಗೆ, ಹೋದಮೇಲೆ ಏನು ನೋಡಿಕೊಳ್ಳಬೇಕು ಎಂದು ಇಲ್ಲಿ ಬರೆದಿದ್ದೇನೆ.

ಊರು ಆರಿಸುವುದಕ್ಕೆ ಮುಂಚೆ

ಪಾಸ್ತಾ ಅಂದರೆ ಒಂದೇ ಹಿಟ್ಟು ಎಂದು ನಾನೂ ಅಂದುಕೊಂಡಿದ್ದೆ. ಹಾಗಿಲ್ಲ. ಬೊಲೊನ್ಯಾ ಇರುವ ಎಮೀಲಿಯಾ-ರೊಮಾನ್ಯಾ ಸೀಮೆಯಲ್ಲಿ ಮೆತ್ತನೆ ಗೋಧಿಯ ನುಣ್ಣನೆ ಹಿಟ್ಟಿಗೆ ಮೊಟ್ಟೆ ಹಾಕಿ ಕಲಸುತ್ತಾರೆ. ಆ ಹಿಟ್ಟಿನ ಪೊಟ್ಟಣದ ಮೇಲೆ ‘00’ ಎಂದಿರುತ್ತದೆ. ನೋಡಲು ನಮ್ಮ ಮೈದಾ ಹಾಗೆ. ನೀರು ಒಂದು ಹನಿಯೂ ಇಲ್ಲ. ದಕ್ಷಿಣದ ಪುಲಿಯಾ ಸೀಮೆಗೆ ಬಂದರೆ ಮೊಟ್ಟೆಯೇ ಇಲ್ಲ. ಗಟ್ಟಿ ಗೋಧಿಯ ಸಣ್ಣ ರವೆ, ನೀರು, ಅಷ್ಟೇ. ಆ ಗಟ್ಟಿ ಗೋಧಿ ನಮಗೆ ಹೊಸದಲ್ಲ. ಉಪ್ಪಿಟ್ಟಿಗೆ ತರುವ ಬನ್ಸಿ ರವೆ ಅದೇ ಜಾತಿಯ ಗೋಧಿಯದು.

ಇದು ನಮ್ಮ ಮನೆಯಲ್ಲಿ ದೊಡ್ಡ ವಿಷಯವಾಯಿತು. ಜೊತೆಗೆ ಅತ್ತೆ ಬಂದಿದ್ದರು. ಧಾರವಾಡದವರು, ಮೊಟ್ಟೆ ಮುಟ್ಟುವುದಿಲ್ಲ. ಬೊಲೊನ್ಯಾದಲ್ಲಿ ನಾನು ಹಿಟ್ಟು ನಾದುತ್ತಿದ್ದಾಗ ಅವರೂ ನಮ್ಮನೆಯವರೂ ಊರಿನ ಕಂಬಸಾಲಿನ ಕೆಳಗೆ ಸುಮ್ನೆ ಓಡಾಡುತ್ತಿದ್ದರು. ಬಿಸಿಲಿಗೂ ಮಳೆಗೂ ಅಂಜದೆ ನಡೆಯಬಹುದಾದ ಕಂಬಸಾಲುಗಳು ಅವು. 2021ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿವೆ. ಅತ್ತೆಗೆ ಇಷ್ಟವಾಯಿತು, ಆದರೆ ಎಷ್ಟು ಹೊತ್ತು ಅಂತ ನಡೆಯೋದು? ಹಾಗಾಗಿ ಪುಲಿಯಾದ ದೊಡ್ಡ ಊರಿನಲ್ಲಿ ಅವರಿಗೂ ಸೇರಿಸಿ ಇನ್ನೊಂದು ತರಗತಿ ಹಿಡಿದೆವು. ಊರಿನ ಹೆಸರು ಬಾರಿ. ‘ಮುಂದಿನ ಬಾರಿ ಬಾರಿಗೆ’ ಎಂದು ನಮ್ಮನೆಯವರು ಈಗಲೂ ತಮಾಷೆ ಮಾಡುತ್ತಾರೆ.

ಮೊಟ್ಟೆ ತಿನ್ನುವವರಿಗೆ ನನ್ನ ಓಟು ಬೊಲೊನ್ಯಾಕ್ಕೆ. ಫ್ಲಾರೆನ್ಸಿನಿಂದ ವೇಗದ ರೈಲಿನಲ್ಲಿ ಸುಮಾರು ನಲವತ್ತು ನಿಮಿಷ. ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಬರಬಹುದು. ತಿನ್ನದವರು ಬಾರಿಗೆ ಹೋಗಿ. ರೋಮಿನಿಂದ ರೈಲಿನಲ್ಲಿ ನಾಲ್ಕು ಗಂಟೆ ಆಸುಪಾಸು, ಹಾಗಾಗಿ ಅಲ್ಲಿ ಒಂದೆರಡು ರಾತ್ರಿ ಉಳಿಯುವುದು ವಾಸಿ.

ಬುಕ್ ಮಾಡುವಾಗ ಕೇಳಬೇಕಾದ್ದು

ಸಂಕೋಚ ಬೇಡ, ಮೊದಲೇ ಬರೆದು ಕೇಳಿ. ಒಂದು ಗುಂಪಿನಲ್ಲಿ ಎಷ್ಟು ಜನ? ಎಂಟು ಹತ್ತು ದಾಟಿದರೆ ಕಲಿಸುವವರ ಕಣ್ಣು ನಿಮ್ಮ ಹಿಟ್ಟಿನ ಮೇಲೆ ಬೀಳುವುದು ಕಷ್ಟ. ಪ್ರತಿಯೊಬ್ಬರೂ ತಮ್ಮ ಹಿಟ್ಟನ್ನು ತಾವೇ ಕಲಸುತ್ತಾರೋ, ಇಬ್ಬರು ಮೂವರಿಗೆ ಒಂದೋ? ಲಟ್ಟಿಸುವುದು ಲಟ್ಟಣಿಗೆಯಲ್ಲೋ ಮೆಷಿನ್ನಿನಲ್ಲೋ? ಈ ಮೂರಕ್ಕೆ ನೇರ ಉತ್ತರ ಬರಲಿಲ್ಲವೆಂದರೆ ಬಿಟ್ಟುಬಿಡಿ. ‘ಮೂರು ಗಂಟೆಯಲ್ಲಿ ಪಾಸ್ತಾ, ಪಿಜ್ಜಾ, ಜೆಲಾಟೊ, ತಿರಮಿಸು’ ಎಂದು ಎಲ್ಲ ಸೇರಿಸಿ ಮಾರುವ ಕಡೆಗೂ ನಾನು ಹೋಗುವುದಿಲ್ಲ. ಒಳ್ಳೆ ಹಿಟ್ಟಿಗೆ ಅರ್ಧ ಗಂಟೆ ಸುಮ್ನೆ ಮಲಗಿರೋಕೇ ಬೇಕು.

ಅಡುಗೆ ಶಾಲೆಗಳಲ್ಲದೆ ಮನೆಗೇ ಕರೆದು ಕಲಿಸುವವರೂ ಇದ್ದಾರೆ. ಬೊಲೊನ್ಯಾದಲ್ಲಿ ಶುರುವಾದ ಚೆಜರೀನೆ ಎಂಬ ಮನೆ ಅಡುಗೆಯವರ ಬಳಗ ಈಗ ಇಟಲಿಯ ಎಷ್ಟೋ ಊರುಗಳಲ್ಲಿದೆ. ಆಗಸ್ಟ್ ತಿಂಗಳಾದರೆ ಎಚ್ಚರ. ಆಗಸ್ಟ್ 15 ಅಲ್ಲಿ ದೊಡ್ಡ ರಜೆ, ಅದರ ಹಿಂದೆ ಮುಂದೆ ಸಣ್ಣ ಅಂಗಡಿ ಹೋಟೆಲ್‌ಗಳು ಬಾಗಿಲು ಹಾಕಿಕೊಂಡು ಊರು ಬಿಡುತ್ತವೆ.

ತರಗತಿಯನ್ನು ಪ್ರವಾಸದ ಕೊನೆಗೆ ಇಟ್ಟುಕೊಳ್ಳಬೇಡಿ. ಮೊದಲ ಎರಡು ಮೂರು ದಿನದಲ್ಲೇ ಮುಗಿಸಿ. ಆಮೇಲೆ ಹೋಟೆಲಿನ ಮೆನು ಓದುವ ರೀತಿಯೇ ಬದಲಾಗುತ್ತದೆ.

ಸಸ್ಯಾಹಾರಿಗಳಿಗೆ ಒಂದು ಪಟ್ಟು ಜಾಸ್ತಿ ಎಚ್ಚರ

ಸಸ್ಯಾಹಾರಿ ಎಂದಷ್ಟೇ ಹೇಳಿದರೆ ಅಲ್ಲಿ ಮೊಟ್ಟೆ, ಚೀಸ್ ನಡೆಯುತ್ತದೆ ಅಂತಲೇ ಅರ್ಥ. ‘ನೊನ್ ಮಾಂಜೊ ಕಾರ್ನೆ, ಪೇಶೆ, ಉವೋವಾ’ ಎಂದು ಬಿಡಿಸಿ ಹೇಳಿ. ಮಾಂಸ, ಮೀನು, ಮೊಟ್ಟೆ ತಿನ್ನುವುದಿಲ್ಲ ಎಂದರ್ಥ. ಬುಕ್ ಮಾಡುವಾಗಲೇ ಹೇಳಬೇಕು, ಹೋದಮೇಲೆ ಹೇಳಿದರೆ ಅವರು ಸಾಮಾನು ತಂದಾಗಿರುತ್ತದೆ.

ಬೊಲೊನ್ಯಾದ ಹೆಸರಾಂತ ರಾಗು ಸಾಸ್‌ನಲ್ಲಿ ದನದ ಮಾಂಸ, ಹಂದಿ ಮಾಂಸ ಎರಡೂ ಇರುತ್ತವೆ. ತೊರ್ತೆಲ್ಲೀನಿ ಎಂಬ ಪುಟ್ಟ ಕಡುಬಿನಂಥ ಪಾಸ್ತಾದ ಹೂರಣವೂ ಹಂದಿಯದೇ. ಬದಲಿಗೆ ತೊರ್ತೆಲ್ಲೋನಿ ಕೇಳಿ. ಅದು ಸ್ವಲ್ಪ ದೊಡ್ಡದು. ಸಾಮಾನ್ಯವಾಗಿ ಹೂರಣ ರಿಕೊತ್ತಾದ್ದು, ನಮ್ಮ ಹಸಿ ಪನೀರ್ ಹಾಗೆ. ಮೇಲಿಂದ ಬೆಣ್ಣೆ ಮತ್ತು ಟೊಮೆಟೊ ಸಾಸ್. ಅದಕ್ಕೆ ‘ಬುರ್ರೊ ಎ ಓರೊ’ ಎನ್ನುತ್ತಾರೆ, ಬೆಣ್ಣೆ ಮತ್ತು ಬಂಗಾರ!

ಕಣ್ಣಿಗೆ ಕಾಣದವು ಇನ್ನೂ ಇವೆ. ಪಾರ್ಮಿಜಾನೊ ರೆಜ್ಜಾನೊ ಚೀಸ್‌ಗೆ ಹಾಲು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ಬೇರೆ ದಾರಿಯಲ್ಲಿ ಮಾಡಿದರೆ ಆ ಹೆಸರು ಇಡುವ ಹಾಗಿಲ್ಲ. ಬಾರಿಯಲ್ಲಿ ಕಹಿ ಸೊಪ್ಪಿನ ಜೊತೆ ಬರುವ ಪಾಸ್ತಾ ನೋಡಲು ಅಪ್ಪಟ ಸಸ್ಯಾಹಾರ, ಆದರೆ ಎಣ್ಣೆಯಲ್ಲಿ ಆಂಚೊವಿ ಎಂಬ ಸಣ್ಣ ಮೀನು ಕರಗಿರುತ್ತದೆ. ಎಮೀಲಿಯಾ-ರೊಮಾನ್ಯಾ ಕಡೆಯ ರೊಟ್ಟಿಗೆ ಹಂದಿ ಕೊಬ್ಬು ಹಾಕುವ ರೂಢಿಯಿದೆ. ಒಂದೊಂದನ್ನೂ ಕೇಳಿಯೇ ತಿನ್ನಿ.

ಹಲಗೆಯ ಮುಂದೆ ನಿಂತಮೇಲೆ

ಉಂಗುರ, ಬಳೆ, ವಾಚು ತೆಗೆದಿಡಿ. ಉಗುರು ಹಿಂದಿನ ದಿನವೇ ಕತ್ತರಿಸಿಕೊಳ್ಳಿ. ಬೆಳಿಗ್ಗೆ ಹೊಟ್ಟೆ ತುಂಬ ತಿನ್ನಬೇಡಿ, ಮಾಡಿದ್ದನ್ನೆಲ್ಲ ಮಧ್ಯಾಹ್ನ ನೀವೇ ಉಣ್ಣಬೇಕು.

ಲೆಕ್ಕ ಸುಲಭ. 100 ಗ್ರಾಂ ಹಿಟ್ಟಿಗೆ ಒಂದು ಮೊಟ್ಟೆ, ಅದು ಒಬ್ಬರಿಗೆ. ಗುಂಡಿ ಅಗಲವಾಗಿರಲಿ, ಕಟ್ಟೆ ದಪ್ಪವಾಗಿರಲಿ. ನಾನು ಸೋತದ್ದು ಅಲ್ಲೇ. ಫೋರ್ಕಿನಿಂದ ಮೊಟ್ಟೆ ಕಲಕುತ್ತಾ ಒಳಗಿನ ಅಂಚಿನಿಂದ ಸ್ವಲ್ಪ ಸ್ವಲ್ಪ ಹಿಟ್ಟು ಎಳೆದುಕೊಳ್ಳಬೇಕು. ಗಂಜಿಯ ಹಾಗೆ ಗಟ್ಟಿಯಾದಮೇಲೆ ಫೋರ್ಕ್ ಬಿಟ್ಟು ಕೈ ಹಾಕಿ. ಅಲ್ಲಿನ ಮೊಟ್ಟೆಯ ಹಳದಿ ನೋಡಿದರೆ ಕೇಸರಿ ಬಣ್ಣ ಹಾಕಿದ್ದಾರೋ ಅನ್ನಿಸುತ್ತದೆ. ಪಾಸ್ತಾ ಹಳದಿಯಾಗಲಿ ಅಂತಲೇ ಬೇರೆ ಮೊಟ್ಟೆ ಮಾರುತ್ತಾರೆ. ಮಾತಿನಲ್ಲಿ ಅದನ್ನು ಹಳದಿ ಅನ್ನುವುದೂ ಇಲ್ಲ, ‘ಕೆಂಪು’ ಎನ್ನುತ್ತಾರೆ.

ಇನ್ನು ನಾದುವುದು. ಚಪಾತಿ ಹಿಟ್ಟು ನಾದಿದ ಕೈಗೆ ಇದು ಕಲ್ಲು ಅನ್ನಿಸುತ್ತದೆ. ಅಷ್ಟು ಗಟ್ಟಿ. ನಾನು ನೀರು ಕೇಳಿದೆ, ಕೊಡಲಿಲ್ಲ. ಅಂಗೈಯ ಬುಡದಿಂದ ಮುಂದಕ್ಕೆ ಒತ್ತಿ, ಮಡಿಸಿ, ತಿರುಗಿಸಿ, ಮತ್ತೆ ಒತ್ತಿ. ಹತ್ತು ಹದಿನೈದು ನಿಮಿಷ ಬಿಡದೆ. ಏಳೆಂಟನೇ ನಿಮಿಷಕ್ಕೆ ಹಿಟ್ಟು ಮಣಿಯಲು ಶುರುವಾಗುತ್ತದೆ, ಒರಟು ಹೋಗಿ ನುಣುಪು ಬರುತ್ತದೆ. ಬೆರಳಿಂದ ಒತ್ತಿದರೆ ಗುಳಿ ನಿಧಾನಕ್ಕೆ ಮೇಲೆ ಬರಬೇಕು. ಈ ಹೊತ್ತಿನಲ್ಲಿ ಒಂದು ಕೆಲಸ ಮಾಡಿ. ಕಲಿಸುವವರ ಉಂಡೆಯನ್ನು ಒಮ್ಮೆ ಒತ್ತಿ ನೋಡಿ, ಕೂಡಲೇ ನಿಮ್ಮದನ್ನು ಒತ್ತಿ ನೋಡಿ. ಕೊಟ್ಟ ದುಡ್ಡು ಆ ಎರಡು ಒತ್ತಿನಲ್ಲಿ ವಸೂಲಾಗುತ್ತದೆ. ಇಟಲಿಯ ಅಡುಗೆ ಪುಸ್ತಕಗಳಲ್ಲಿ ಅಳತೆ ಬರೆಯುವ ಕಡೆ ‘ಕ್ವಾಂತೊ ಬಾಸ್ತಾ’ ಎಂದಿರುತ್ತದೆ. ಎಷ್ಟು ಸಾಕೋ ಅಷ್ಟು ಅಂತ. ನಮ್ಮಮ್ಮಂದಿರೂ ಹೀಗೇ ಹೇಳಿ ಕೈ ತೊಳೆದುಕೊಳ್ಳುತ್ತಾರೆ ಅಲ್ವಾ.

ಉಂಡೆಯನ್ನು ಬಟ್ಟೆಯಲ್ಲೋ ಬಟ್ಟಲಿನಲ್ಲೋ ಮುಚ್ಚಿ ಅರ್ಧ ಗಂಟೆ ಬಿಡಿ. ಗಾಳಿಯಾಡಿದರೆ ಮೇಲೆ ಹಕ್ಕಳೆ ಕಟ್ಟುತ್ತದೆ.

ಲಟ್ಟಣಿಗೆ ನೋಡಿದರೆ ಗಾಬರಿಯಾಗುತ್ತದೆ. ಮೊಳಕ್ಕಿಂತ ಎಷ್ಟೋ ಉದ್ದ, ಕೆಲವು ಮೀಟರಿನ ಹತ್ತಿರ. ಹೆಸರು ಮತ್ತರೆಲ್ಲೊ. ಅದರಿಂದ ಲಟ್ಟಿಸಿದ ಹಾಳೆಗೆ ಸ್ಫೋಲ್ಯಾ ಎನ್ನುತ್ತಾರೆ, ಲಟ್ಟಿಸುವ ಹೆಂಗಸರಿಗೆ ಸ್ಫೋಲೀನೆ. ಚಪಾತಿಗೆ ಒತ್ತುವ ಹಾಗೆ ಒತ್ತಬೇಡಿ. ನಡುವಿನಿಂದ ಮುಂದಕ್ಕೆ ತಳ್ಳಿ, ಹಾಳೆಯನ್ನು ಸ್ವಲ್ಪ ತಿರುಗಿಸಿ, ಮತ್ತೆ ತಳ್ಳಿ. ದೊಡ್ಡದಾದಂತೆ ಆಚೆ ಅಂಚನ್ನು ಲಟ್ಟಣಿಗೆಗೆ ಸುತ್ತಿ, ಎರಡೂ ಅಂಗೈ ನಡುವಿನಿಂದ ಹೊರಕ್ಕೆ ಸವರುತ್ತಾ ನಿಮ್ಮ ಕಡೆಗೆ ಉರುಳಿಸಬೇಕು. ಈಚೆ ಅಂಚು ಹಲಗೆಯಿಂದ ಕೆಳಗೆ ಜೋತಾಡುತ್ತಿರಲಿ. ಅದರ ಭಾರಕ್ಕೇ ಹಾಳೆ ಹಿಗ್ಗುತ್ತದೆ. ಒಣಹಿಟ್ಟು ತೀರಾ ಕಡಿಮೆ. ಹಲಗೆ ಮರದ್ದೇ ಆಗಬೇಕು ಎನ್ನುತ್ತಾರೆ. ಮರದ ಒರಟು ಹಾಳೆಗೂ ಇಳಿದರೆ ಸಾಸ್ ಚೆನ್ನಾಗಿ ಹಿಡಿಯುತ್ತದೆ. ಎಷ್ಟು ತೆಳು? ಹಾಳೆ ಎತ್ತಿ ಹಿಡಿದರೆ ಅದರೊಳಗಿಂದ ಊರಾಚೆ ಗುಡ್ಡದ ಮೇಲಿನ ಸಾನ್ ಲೂಕಾ ಗುಡಿ ಕಾಣಬೇಕು ಅಂತ ಬೊಲೊನ್ಯಾದ ಮಾತು. ನನ್ನದರಲ್ಲಿ ಎರಡು ತೂತು ಬಿದ್ದಿದ್ದರಿಂದ ಸಲೀಸಾಗಿ ಕಂಡಿತು.

ಹಾಳೆ ಐದು ಹತ್ತು ನಿಮಿಷ ಆರಲಿ. ಅಂಟು ಹೋಗಬೇಕು, ಗರಿಗರಿ ಆಗಬಾರದು. ಸಡಿಲವಾಗಿ ಸುತ್ತಿ ಚಾಕುವಿನಿಂದ ಪಟ್ಟಿ ಕತ್ತರಿಸಿ, ಕೂಡಲೇ ಕೊಡವಿ ಬಿಡಿಸಿ. ಇದು ತಾಲ್ಯತೆಲ್ಲೆ. ಅಗಲಕ್ಕೂ ಅಲ್ಲಿ ಕಾನೂನಿನಂಥ ಲೆಕ್ಕ ಇದೆ. 1972ರ ಏಪ್ರಿಲ್ 16ರಂದು ಬೊಲೊನ್ಯಾದ ವಾಣಿಜ್ಯ ಮಂಡಳಿಯಲ್ಲಿ ದಾಖಲೆ ಮಾಡಿಸಿ ಬಂಗಾರದ ಮಾದರಿಯನ್ನೇ ಇಟ್ಟರು. ಬೆಂದಮೇಲೆ 8 ಮಿಲಿಮೀಟರ್. ಊರಿನ 97 ಮೀಟರ್ ಎತ್ತರದ ಅಸಿನೆಲ್ಲಿ ಗೋಪುರದ 12,270ನೇ ಒಂದು ಪಾಲು. ಬೆಂದಾಗ ಪಟ್ಟಿ ಉಬ್ಬುವುದರಿಂದ ಕತ್ತರಿಸುವಾಗ ಸ್ವಲ್ಪ ಸಣ್ಣದೇ ಇರಲಿ. ಇದಕ್ಕೆ ರಾಗು ಹಾಕುತ್ತಾರೆ, ಸ್ಪಗೆಟ್ಟಿಗೆ ಅಲ್ಲ. ಆ ಊರಿನಲ್ಲಿ ‘ಸ್ಪಗೆಟ್ಟಿ ಬೊಲೊನೀಸ್’ ಕೇಳಿದರೆ ನಗುತ್ತಾರೆ.

ಬೇಯಿಸುವುದು ಚಿಟಿಕೆ ಕೆಲಸ. 100 ಗ್ರಾಂ ಪಾಸ್ತಾಕ್ಕೆ ಒಂದು ಲೀಟರ್ ನೀರು, 10 ಗ್ರಾಂ ಉಪ್ಪು. ನೀರಿಗೆ ಎಣ್ಣೆ ಬೇಡ. ಎರಡು ಮೂರು ನಿಮಿಷಕ್ಕೆ ಎತ್ತಿ ನೇರ ಸಾಸ್ ಬಾಣಲೆಗೆ ಹಾಕಿ. ಬೆಂದ ನೀರು ಒಂದು ಸೌಟು ಎತ್ತಿಟ್ಟುಕೊಂಡಿರಿ.

ಬಾರಿಯ ಕಿವಿಗಳು

ಬಾರಿಯ ಹಳೇ ಪೇಟೆಯಲ್ಲಿ ಆರ್ಕೊ ಬಾಸ್ಸೊ ಅಂತ ಒಂದು ಓಣಿ. ಮನೆ ಬಾಗಿಲಲ್ಲೇ ಮೇಜು ಹಾಕಿಕೊಂಡು ಹೆಂಗಸರು ಒರೆಕ್ಯೆತ್ತೆ ಮಾಡುತ್ತಾರೆ. ಪುಟ್ಟ ಕಿವಿಗಳು ಎಂದರ್ಥ. 100 ಗ್ರಾಂ ರವೆಗೆ 50 ಗ್ರಾಂ ಉಗುರುಬೆಚ್ಚಗಿನ ನೀರು. ನಾದಿ, ಮುಚ್ಚಿಟ್ಟು, ಬೆರಳು ದಪ್ಪದ ಬತ್ತಿ ಹೊಸೆದು, ಕಡಲೆಕಾಳಿಗಿಂತ ಸ್ವಲ್ಪ ದೊಡ್ಡ ತುಂಡು ಮಾಡಬೇಕು. ಮೊಂಡು ಚಾಕುವಿನಿಂದ ತುಂಡನ್ನು ಒತ್ತಿ ತಮ್ಮ ಕಡೆಗೆ ಎಳೆದರೆ ಅದು ಸುರುಳಿಯಾಗುತ್ತದೆ. ಅದನ್ನು ಹೆಬ್ಬೆರಳ ತುದಿಗೆ ಟೋಪಿ ಹಾಕಿದ ಹಾಗೆ ಮಗುಚಿದರೆ ಕಿವಿ ರೆಡಿ. ಒರಟು ಮೈ ಹೊರಗೆ ಬರಬೇಕು. ಎಳೆಯುವಾಗ ಚಾಕು ತೀರಾ ಮಲಗಿದರೆ ಹರಿಯುತ್ತದೆ, ನಿಂತರೆ ಕತ್ತರಿಸುತ್ತದೆ. ನನ್ನ ಮೊದಲ ಮೂವತ್ತು ಕಿವಿಗಳನ್ನು ಕಿವಿ ಎಂದು ಕರೆಯಲಾಗದು.

ಅತ್ತೆ ಎರಡನೆಯದಕ್ಕೇ ಸರಿಯಾಗಿ ಮಾಡಿದರು. ಮಕ್ಕಳ ಮದುವೆಗೆ ಗೌಲಿ, ಅಂದರೆ ಪಾಯಸಕ್ಕೆ ಹಾಕುವ ಹಿಟ್ಟಿನ ಪುಟ್ಟ ಕಾಳು, ಹೊಸೆದ ಕೈ. ‘ಇದನ್ನೇನ ಕಲಿಯಾಕ ಇಷ್ಟ ದೂರ ಬರಬೇಕಿತ್ತೇನವಾ’ ಅಂದರು. ಆಮೇಲೆ ಕಲಿಸುತ್ತಿದ್ದಾಕೆಯ ಮುಂದಿದ್ದ ಹಿಟ್ಟನ್ನೂ ತಮ್ಮ ಕಡೆಗೆ ಎಳೆದುಕೊಂಡರು. ಆಕೆ ಬೇಡ ಅನ್ನಲಿಲ್ಲ, ಸೊಪ್ಪು ಬಿಡಿಸಲು ಹೋದರು.

ಊರಿಗೆ ಬಂದಮೇಲೆ

ಮತ್ತರೆಲ್ಲೊ ಕೊಳ್ಳುವ ಆಸೆಯಾದರೆ ಚೆಕ್‌ಇನ್ ಸೂಟ್‌ಕೇಸಿಗೆ ಹಿಡಿಯುತ್ತದೋ ನೋಡಿ. ಕೈಚೀಲದಲ್ಲಿ ದೊಣ್ಣೆ ಹಿಡಿದು ವಿಮಾನ ಹತ್ತಲು ಬಿಡುತ್ತಾರೆಂದು ನಂಬಬೇಡಿ. ನಾನು ಹಿತ್ತಾಳೆಯ ಕತ್ತರಿಸುವ ಚಕ್ರ ತಂದೆ. ಕಡುಬಿನ ಅಂಚಿಗೂ ಆಗುತ್ತದೆ.

ಮನೆಯಲ್ಲಿ ಮೈದಾಗೆ ಮೊಟ್ಟೆ ಹಾಕಿ ಕಲಸಿದರೆ ಸಾಕಷ್ಟು ಹತ್ತಿರ ಬರುತ್ತದೆ. ಮೊಟ್ಟೆ ಚಿಕ್ಕದಿದ್ದರೆ ಹಿಟ್ಟು 100 ಗ್ರಾಂ ಪೂರ್ತಿ ಸುರಿಯಬೇಡಿ, ಒಂದು ಹಿಡಿ ಪಕ್ಕಕ್ಕಿಟ್ಟುಕೊಂಡು ಬೇಕಾದರೆ ಸೇರಿಸಿ. ಕಿವಿ ಮಾಡಲು ಹುರಿಯದ ಬನ್ಸಿ ರವೆ ತನ್ನಿ. ಹುರಿದದ್ದು ಕಟ್ಟಿಕೊಳ್ಳುವುದಿಲ್ಲ. ಅಂಗಡಿಯ ರವೆ ದಪ್ಪ, ಹಾಗಾಗಿ ಮಿಕ್ಸಿಯಲ್ಲಿ ಇನ್ನೊಂದು ಸುತ್ತು ತಿರುಗಿಸಿ ಜರಡಿ ಹಿಡಿಯಿರಿ. ಬಾರಿಯ ರವೆಯ ಹೆಸರಿಗೂ ‘ಮತ್ತೆ ಬೀಸಿದ್ದು’ ಎಂದೇ ಅರ್ಥ. ಅಲ್ಲಿನ ಕಹಿ ಸೊಪ್ಪು ಇಲ್ಲಿ ಸಿಗುವುದಿಲ್ಲ. ಅತ್ತೆ ಮೆಂತ್ಯ ಸೊಪ್ಪು, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಹಾಕುತ್ತಾರೆ. ಮೇಲೆ ಒಂದು ಚಮಚ ಶೇಂಗಾ ಚಟ್ನಿಪುಡಿ. ಅದನ್ನು ಬಾರಿಯವರಿಗೆ ಹೇಳಬೇಡಿ.