ಚಳಿಗಾಲಕ್ಕೆ ನಿಲ್ಲಿಸಿದ ಮೋಟರ್ ಹೋಮಿಗೆ ಇಲಿ ನುಗ್ಗದಂತೆ: ನನ್ನ ಅನುಭವ

ಅಮೆರಿಕದ ಮಿಶಿಗನ್ನಿನಲ್ಲಿ ಮೋಟರ್ ಹೋಮ್, ಅಂದರೆ ಮಲಗಲು, ಅಡುಗೆ ಮಾಡಲು ಅನುಕೂಲವಿರುವ ಪ್ರವಾಸದ ಗಾಡಿ, ಇಟ್ಟುಕೊಳ್ಳುವುದೆಂದರೆ ಅರ್ಧ ವರ್ಷ ಅದನ್ನು ಓಡಿಸುವುದು, ಇನ್ನರ್ಧ ವರ್ಷ ಅದನ್ನು ಕಾಯುವುದು. ಅಕ್ಟೋಬರ್ ಕೊನೆಗೆ ನೀರಿನ ಪೈಪುಗಳಿಗೆಲ್ಲ ಅವು ಹೆಪ್ಪುಗಟ್ಟಿ ಒಡೆಯದಂತೆ ಗುಲಾಬಿ ಬಣ್ಣದ ಆಂಟಿಫ್ರೀಜ್ ದ್ರವ ಹೊಡೆದು ನಿಲ್ಲಿಸಿದರೆ ಮತ್ತೆ ಹೊರಗೆ ತೆಗೆಯುವುದು ಏಪ್ರಿಲ್‌ನಲ್ಲಿ. ನಮ್ಮದು ವ್ಯಾನ್ ಚಾಸಿಯ ಮೇಲೆ ಕಟ್ಟಿದ ಕ್ಲಾಸ್ ಸಿ ಎಂಬ ವರ್ಗದ ಗಾಡಿ. ಊರಾಚೆ ಮೆಕ್ಕೆಜೋಳ ಬೆಳೆಯುವ ರೈತರೊಬ್ಬರ ಕೊಟ್ಟಿಗೆಯಂಥ ದೊಡ್ಡ ಕಟ್ಟಡದಲ್ಲಿ, ಅಂದರೆ ಬಾರ್ನ್‌ನಲ್ಲಿ ಬಾಡಿಗೆಗೆ ನಿಲ್ಲಿಸುತ್ತೇವೆ. ಅದೇ ಹೊತ್ತಿಗೆ ಜೋಳದ ಕಟಾವು ಮುಗಿದು ಹೊಲ ಬೋಳಾಗಿರುತ್ತದೆ. ಅಲ್ಲಿದ್ದ ಇಲಿಗಳೂ ಬೆಚ್ಚಗಿನ ಜಾಗ ಹುಡುಕಿಕೊಂಡು ಅದೇ ಬಾರ್ನ್‌ಗೆ ಬರುತ್ತವೆ, ಬಾಡಿಗೆ ಕೊಡದೆ.

ಇಲ್ಲಿನ ಇಲಿ ಎಂದರೆ ನಮ್ಮ ಹೆಗ್ಗಣ ಅಲ್ಲ. ಕಂದು ಬೆನ್ನು, ಬಿಳಿ ಹೊಟ್ಟೆ, ದೊಡ್ಡ ಕಣ್ಣಿನ ಚಿಟ್ಟಿಲಿಗಳು. ನೋಡಲು ಮುದ್ದಾಗಿಯೇ ಇವೆ. ಆದರೆ ಪೆನ್ಸಿಲ್ ದಪ್ಪದ ಸಂದು, ಅಂದರೆ ಸುಮಾರು 6 ಮಿಲಿಮೀಟರ್ ಇದ್ದರೂ ತೂರಿ ಒಳಗೆ ಬರುತ್ತವೆ. ಬಂದರೆ ಸೀಟಿನ ಸ್ಪಂಜು ಕಿತ್ತು ಗೂಡು ಕಟ್ಟುತ್ತವೆ, ಬೆಳೆಯುತ್ತಲೇ ಇರುವ ಹಲ್ಲು ಸವೆಸಲು ವೈರು ಕಡಿಯುತ್ತವೆ. ಬಸುರಿ ಇಲಿ ಮೂರು-ನಾಲ್ಕು ವಾರದಲ್ಲಿ ಮರಿ ಹಾಕುತ್ತದೆ. ಒಂದು ಜೋಡಿ ಒಳಗೆ ಸೇರಿದರೆ ವಸಂತಕ್ಕೆ ಸಂಸಾರವೇ ಸಿಗುತ್ತದೆ.

ಇದಕ್ಕೆ ಎಲ್ಲರೂ ಮೊದಲು ಹೇಳುವುದು ವಾಸನೆಯ ಉಪಾಯಗಳನ್ನು. ಪುದೀನ ಎಣ್ಣೆ, ಬಟ್ಟೆ ಒಣಗಿಸುವ ಯಂತ್ರಕ್ಕೆ ಹಾಕುವ ಪರಿಮಳದ ಹಾಳೆ, ಡಾಂಬರು ಗುಳಿಗೆ. ಮೈಸೂರಿನಿಂದ ಅತ್ತೆ ಫೋನಿನಲ್ಲಿ ಇಂಗು ಕಟ್ಟಿಡಿ ಎಂದರು. ವಾಸನೆ ಹದಿನೈದು ದಿನದಲ್ಲಿ ಆರುತ್ತದೆ, ಚಳಿಗಾಲ ಐದು ತಿಂಗಳು ಇರುತ್ತದೆ. ಡಾಂಬರು ಗುಳಿಗೆಯಂತೂ ಬೇಡವೇ ಬೇಡ. ಅದನ್ನು ಗಾಳಿಯಾಡದ ಪೆಟ್ಟಿಗೆಯೊಳಗೆ ಉಣ್ಣೆ ಬಟ್ಟೆಯ ಜೊತೆ ಇಡಲು ಮಾಡಿದ್ದು. ಗಾಡಿಯಲ್ಲಿ ಹರಡಿದರೆ ಇಲಿಗಿಂತ ಮೊದಲು ನಿಮಗೇ ತಲೆನೋವು, ಪರದೆ ಮತ್ತು ಹಾಸಿಗೆಯಿಂದ ಆ ನಾತ ಸುಲಭಕ್ಕೆ ಹೋಗುವುದಿಲ್ಲ. ನಮ್ಮ ಕಿವಿಗೆ ಕೇಳಿಸದ ಶಬ್ದದಿಂದ ಇಲಿ ಓಡಿಸುವ ಯಂತ್ರಗಳ ಕಥೆಯೂ ಅಷ್ಟೇ. ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2001ರಲ್ಲಿಯೇ ಅಂಥವನ್ನು ತಯಾರಿಸುವ, ಮಾರುವ 60ಕ್ಕೂ ಹೆಚ್ಚು ಕಂಪನಿಗಳಿಗೆ, ನೀವು ಹೇಳುವುದಕ್ಕೆ ವೈಜ್ಞಾನಿಕ ಆಧಾರ ಇರಬೇಕು ಎಂದು ಎಚ್ಚರಿಕೆ ಪತ್ರ ಕಳಿಸಿತ್ತು. ಅವು ಇಂದಿಗೂ ಅಂಗಡಿಯಲ್ಲಿ ನೇತಾಡುತ್ತಿವೆ. ನಾನು ಕೊಳ್ಳುವುದಿಲ್ಲ.

ನಿಜವಾಗಿ ಕೆಲಸ ಮಾಡುವುದು ಒಂದೇ: ಗಾಡಿಯ ಕೆಳಗೆ ಅಂಗಾತ ಮಲಗಿ ತೂತು ಮುಚ್ಚುವುದು.

ತೂತು ಹುಡುಕಲು ಕತ್ತಲು ಬೇಕು. ಸಂಜೆಯಾದ ಮೇಲೆ ಹೆಂಡತಿ ಒಳಗೆ ಕುಳಿತು ಪ್ರಖರವಾದ ಟಾರ್ಚನ್ನು ಒಂದೊಂದೇ ಕಪಾಟಿನೊಳಗೆ ಹಿಡಿಯುತ್ತಾಳೆ, ನಾನು ರಟ್ಟು ಹಾಸಿಕೊಂಡು ಕೆಳಗೆ ಮಲಗಿರುತ್ತೇನೆ. ‘ಕಾಣ್ತಾ?’ ‘ಇಲ್ಲ, ಸ್ವಲ್ಪ ಎಡಕ್ಕೆ ಹಿಡಿ.’ ಬೆಳಕು ಕಂಡಲ್ಲೆಲ್ಲ ಸೀಮೆಸುಣ್ಣದ ಗುರುತು. ಅಡುಗೆಮನೆ ಸಿಂಕಿನ ಕೆಳಗೆ ನೋಡಿದರೆ ಸಾಕು, ಗಾಡಿ ಕಟ್ಟಿದವರ ಅವಸರ ಗೊತ್ತಾಗುತ್ತದೆ. ಅರ್ಧ ಇಂಚಿನ ಪೈಪು ಇಳಿಸಲು ಎರಡು ಇಂಚಿನ ತೂತು ಕೊರೆದು ಹಾಗೇ ಬಿಟ್ಟಿರುತ್ತಾರೆ. ಗಾಡಿ ಬೆಚ್ಚಗಿಡುವ ಫರ್ನೇಸಿನ ಹಿಂದೆ, ಫ್ಯೂಸ್ ಪೆಟ್ಟಿಗೆಯ ಹಿಂದೆ ವೈರಿನ ಕಟ್ಟು ನೆಲಕ್ಕೆ ಇಳಿಯುವಲ್ಲಿ, ಟಾಯ್ಲೆಟ್ ಪೈಪಿನ ಸುತ್ತ, ನಿಲ್ಲಿಸಿದಾಗ ಹೊರಕ್ಕೆ ಚಾಚುವ ಗೋಡೆಯ ಭಾಗವಾದ ಸ್ಲೈಡ್‌ಔಟಿನ ಕೆಳಗಿನ ಎರಡು ಮೂಲೆಗಳಲ್ಲಿ ರಬ್ಬರು ಸೇರದ ಕಡೆ, ಎಲ್ಲವೂ ಹಾಗೆಯೇ. ಹೊರಗಿನ ಕರೆಂಟಿನ ಕೇಬಲ್ ಎಳೆಯುವ ಪುಟ್ಟ ಬಾಗಿಲಂತೂ ಇಲಿಗೆಂದೇ ಮಾಡಿದ ಹಾಗಿರುತ್ತದೆ. ಡ್ರೈವರ್ ಕಡೆ ಬ್ರೇಕ್ ಪೆಡಲಿನ ಮೇಲೆ, ಸ್ಟಿಯರಿಂಗ್ ದಂಡ ಒಳಗೆ ಬರುವ ಜಾಗದ ರಬ್ಬರನ್ನೂ ಬೆರಳಿನಿಂದ ಒತ್ತಿ ನೋಡಿ. ಬಿರುಕು ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಸಿಗುತ್ತದೆ.

ಮುಚ್ಚಲು ಬರೀ ಸ್ಪ್ರೇ ಫೋಮ್, ಅಂದರೆ ಉಬ್ಬಿ ಗಟ್ಟಿಯಾಗುವ ನೊರೆ, ಸಾಲದು. ಗಟ್ಟಿಯಾದ ಮೇಲೂ ಇಲಿ ಅದನ್ನು ಕಡಿದು ದಾರಿ ಮಾಡುತ್ತದೆ. ಸ್ಟೀಲ್ ವೂಲ್ ಎಂಬ ಉಕ್ಕಿನ ನಾರು ಚೆನ್ನಾಗಿ ತಡೆಯುತ್ತದೆ, ಆದರೆ ರಸ್ತೆಯ ಉಪ್ಪು ನೀರು ತಾಗಿ ತುಕ್ಕು ಹಿಡಿದು ಪುಡಿಯಾಗುತ್ತದೆ. ನಾನು ಬಳಸುವುದು ತಾಮ್ರದ ಜಾಲರಿ, ಸುರುಳಿಯಾಗಿ ಸಿಗುತ್ತದೆ. ಕತ್ತರಿಯಿಂದ ಉದ್ದಕ್ಕೆ ಕತ್ತರಿಸಿ, ಪೈಪಿನ ಸುತ್ತ ಸುತ್ತಿ, ಸ್ಕ್ರೂಡ್ರೈವರ್ ತುದಿಯಿಂದ ಒಳಗೆ ತುರುಕಬೇಕು. ಎಳೆದರೆ ಬರಬಾರದು, ಅಷ್ಟು ಬಿಗಿ ಇರಬೇಕು. ಅದರ ಮೇಲೆ ತೆಳುವಾಗಿ ಸೀಲೆಂಟ್. ವೈರಿನ ತೆರೆದ ತುದಿಗಳ ಹತ್ತಿರ ಮಾತ್ರ ಜಾಲರಿ ಬೇಡ, ತಾಮ್ರದ ಎಳೆ ತಾಗಿದರೆ ಶಾರ್ಟ್ ಆಗುತ್ತದೆ. ಅಂಥ ಕಡೆ ಗ್ರಾಮೆಟ್ ಎಂಬ ರಬ್ಬರಿನ ಬಳೆ ಹಾಕಿಸಿ. ದೊಡ್ಡ ಬಾಯಿಗಳಿಗೆ ಕಾಲು ಇಂಚಿಗಿಂತ ಸಣ್ಣ ಕಣ್ಣಿನ ಕಬ್ಬಿಣದ ಜಾಲರಿ ಕತ್ತರಿಸಿ ಸ್ಕ್ರೂ ಹೊಡೆಯುತ್ತೇನೆ.

ಹುರುಪಿನಲ್ಲಿ ಎಲ್ಲವನ್ನೂ ಮುಚ್ಚಲು ಹೋಗಬೇಡಿ. ಗ್ಯಾಸ್ ಸಿಲಿಂಡರ್ ಇರುವ ಖಾನೆಯ ತಳದಲ್ಲಿ ತೆರೆದ ಕಿಂಡಿ ಬೇಕೆಂದೇ ಬಿಟ್ಟಿರುತ್ತಾರೆ. ಪ್ರೊಪೇನ್ ಗಾಳಿಗಿಂತ ಭಾರ, ಸೋರಿದರೆ ಕೆಳಗಿನಿಂದಲೇ ಹೊರಗೆ ಹೋಗಬೇಕು. ಆ ಖಾನೆಯಿಂದ ಗಾಡಿಯೊಳಗೆ ಹೋಗುವ ತೂತುಗಳನ್ನು ಮುಚ್ಚಿ, ತಳದ ಕಿಂಡಿಯನ್ನು ಬಿಡಿ. ಫ್ರಿಜ್ಜಿನ ಹಿಂದಿನ ಗಾಳಿಕಿಂಡಿಗೂ ಜಾಲರಿ ಸಾಕು, ಫೋಮ್ ಬೇಡ. ಸೈಲೆನ್ಸರ್ ಕೊಳವೆಗೆ ಜಾಲರಿಯ ಉಂಡೆ ತುರುಕಿದರೆ ತಕ್ಷಣ ಸ್ಟಿಯರಿಂಗಿಗೆ ಕೆಂಪು ರಿಬ್ಬನ್ ಕಟ್ಟಿ, ಅದರಲ್ಲಿ ಚೀಟಿ ನೇತುಹಾಕಿ. ಏಪ್ರಿಲ್‌ಗೆ ನೆನಪಿರುವುದಿಲ್ಲ.

ಇನ್ನು ಚಕ್ರ. ಕೆಳಗಿನಿಂದ ಮೇಲೆ ಹತ್ತಲು ಇಲಿಗಿರುವ ಮೆಟ್ಟಿಲು ಟೈರು ಮತ್ತು ಜ್ಯಾಕ್. ಕರಾವಳಿಯಲ್ಲಿ ಇಲಿ ಹತ್ತಿ ಎಳನೀರು ಕೊರೆಯದಂತೆ ತೆಂಗಿನ ಮರಕ್ಕೆ ತಗಡಿನ ಪಟ್ಟಿ ಸುತ್ತುತ್ತಾರಲ್ಲ, ಅದೇ ಲೆಕ್ಕ. ಅಲ್ಯೂಮಿನಿಯಂ ತಗಡಿನ ಸುರುಳಿ ತಂದು, ಒಂದೂವರೆ ಅಡಿ ಎತ್ತರದ ಬಳೆ ಮಾಡಿ, ಪ್ರತಿ ಚಕ್ರದ ಸುತ್ತ ಸಿಮೆಂಟ್ ನೆಲಕ್ಕೆ ಅಂಟುವಂತೆ ನಿಲ್ಲಿಸಿದ್ದೇನೆ. ನುಣುಪಾದ ತಗಡಿನ ಮೇಲೆ ಉಗುರು ನಿಲ್ಲುವುದಿಲ್ಲ, ಹಾರಿದರೂ ಚಿಟ್ಟಿಲಿ ಒಂದಡಿ ಹಾರೀತು. ಇದು ಬಾರ್ನ್‌ನೊಳಗೆ ಮಾತ್ರ ನಡೆಯುವ ಉಪಾಯ. ಬಯಲಲ್ಲಿ ನಿಲ್ಲಿಸಿದರೆ ಜನವರಿಯ ಹಿಮ ರಾಶಿಬಿದ್ದು ತಗಡಿನ ನೆತ್ತಿಗೇ ಇಳಿಜಾರು ಕಟ್ಟಿಕೊಡುತ್ತದೆ. ಹಾಗೆಯೇ, ಗೋಡೆಗೆ ತಾಗಿಸಿ ನಿಲ್ಲಿಸಿದರೆ ಈ ತಗಡಿಗೆ ಅರ್ಥವಿಲ್ಲ. ಸುತ್ತ ಎರಡು ಅಡಿಯಾದರೂ ಜಾಗ ಬಿಡುತ್ತೇನೆ. ರೈತರು ಕೋಳಿ ಆಹಾರದ ಮೂಟೆಗಳನ್ನು ಇಡುವ ಮೂಲೆಯಿಂದ ದೂರದ ಜಾಗ ಕೇಳಿ ಪಡೆದಿದ್ದೇನೆ, ಅದಕ್ಕೆ ಹತ್ತು ಡಾಲರ್ ಹೆಚ್ಚಾದರೂ ಪರವಾಗಿಲ್ಲ.

ಒಳಗೆ ತಿನ್ನುವ ಪದಾರ್ಥ ಇರಬಾರದು ಎಂಬುದು ಎಲ್ಲರಿಗೂ ಗೊತ್ತು. ಆದರೆ ನಮ್ಮಂಥವರ ಗಾಡಿಯಲ್ಲಿ ಅವಲಕ್ಕಿ, ಹುರಿಗಡಲೆ, ಚಟ್ನಿಪುಡಿ ಎಲ್ಲೆಲ್ಲಿಗೆ ಹೋಗಿರುತ್ತದೆ ನೋಡಿ. ಊಟದ ಮೇಜಿನ ಸೀಟನ್ನು ಎತ್ತಿ, ಅದರ ಚೌಕಟ್ಟಿನ ಸಂದಿಯಲ್ಲಿ ವ್ಯಾಕ್ಯೂಮ್ ಹಿಡಿದಾಗ ಕಟಕಟ ಎಂದು ಒಳಗೆ ಹೋಗುವುದೆಲ್ಲ ಕಡಲೆಬೀಜವೇ. ಸಾಬೂನು, ಮೇಣದ ಬತ್ತಿ, ಟಾಯ್ಲೆಟ್ ಪೇಪರ್ ಕೂಡ ಮನೆಗೆ. ಡ್ರಾಯರುಗಳನ್ನು ತೆರೆದಿಟ್ಟು, ಹಾಸಿಗೆಯನ್ನು ಎತ್ತಿ ನಿಲ್ಲಿಸಿದರೆ ಬೆಚ್ಚಗಿನ ಮೂಲೆಗಳು ಕಡಿಮೆಯಾಗುತ್ತವೆ.

ಇಷ್ಟಾದ ಮೇಲೂ ಬೋನು ಇಡುತ್ತೇನೆ, ಮರದ ಹಲಗೆಯ ಹಳೇ ಸ್ಪ್ರಿಂಗ್ ಬೋನು. ಗೋಡೆಗೆ ಅಡ್ಡಲಾಗಿ, ಆಮಿಷದ ತುದಿ ಗೋಡೆ ಕಡೆಗೆ. ಇಲಿ ಗೋಡೆ ಹಿಡಿದೇ ಓಡುವ ಪ್ರಾಣಿ. ಕೊರೆಯುವ ಚಳಿಯಲ್ಲಿ ಪೀನಟ್ ಬಟರ್ ಕಲ್ಲಾಗುತ್ತದೆ, ಆಗ ಹತ್ತಿಯ ಎಳೆಯನ್ನು ಬಿಗಿಯಾಗಿ ಕಟ್ಟಿಡುತ್ತೇನೆ. ಗೂಡಿಗೆಂದು ಅದನ್ನು ಎಳೆಯಲು ಬಂದದ್ದು ಸಿಕ್ಕಿಬೀಳುತ್ತದೆ. ಇಲಿ ಪಾಷಾಣ ಗಾಡಿಯೊಳಗೆ ಇಡುವುದಿಲ್ಲ. ತಿಂದದ್ದು ಗೋಡೆಯ ನಡುವೆ ಹೋಗಿ ಸಾಯುತ್ತದೆ, ಅದನ್ನು ಹೊರತೆಗೆಯಲು ಗೋಡೆಯನ್ನೇ ಬಿಚ್ಚಬೇಕು. ಹೊರಗೆ ಸತ್ತರೆ ಆ ವಿಷ ತಿಂದ ಇಲಿಯನ್ನು ತಿನ್ನುವುದು ಬಾರ್ನ್‌ನ ಗೂಬೆ. ಅಂಟಿನ ಹಲಗೆ ಚಳಿಗೆ ಅಂಟುವುದೂ ಇಲ್ಲ, ಅಂಟಿದರೆ ಕ್ರೌರ್ಯ. ಸಿಂಕಿನ ಕೆಳಗೆ, ಡ್ರೈವರ್ ಕಾಲಡಿ ಬಿಳಿ ಹಾಳೆ ಹಾಸಿರುತ್ತೇನೆ. ತಿಂಗಳಿಗೊಮ್ಮೆ ಹೋದಾಗ ಹಾಳೆಯ ಮೇಲೆ ಅಕ್ಕಿ ಕಾಳಿನಷ್ಟು ಕರಿ ಹಿಕ್ಕೆ ಬಿದ್ದಿದ್ದರೆ, ಎಲ್ಲೋ ಒಂದು ತೂತು ಉಳಿದಿದೆ ಎಂದೇ ಅರ್ಥ.

ಹಿಕ್ಕೆ ಕಂಡರೆ ಪೊರಕೆ, ವ್ಯಾಕ್ಯೂಮ್ ಎರಡನ್ನೂ ಮುಟ್ಟಬೇಡಿ. ಈ ಬಿಳಿ ಹೊಟ್ಟೆಯ ಇಲಿಗಳ ಮೂತ್ರ, ಹಿಕ್ಕೆಯಲ್ಲಿ ಪ್ರಾಣಕ್ಕೇ ಅಪಾಯ ತರಬಲ್ಲ ಹಂಟಾವೈರಸ್ ಇರಬಹುದು, ಧೂಳಾಗಿ ಎದ್ದರೆ ಉಸಿರಿನೊಂದಿಗೆ ಶ್ವಾಸಕೋಶ ಸೇರುತ್ತದೆ. ಈ ದೇಶದಲ್ಲಿ ಅದು ಮೊದಲು ಗೊತ್ತಾದದ್ದು 1993ರಲ್ಲಿ, ನೈಋತ್ಯದ ರಾಜ್ಯಗಳಲ್ಲಿ. ಮಿಶಿಗನ್ನಿನ ಮೊದಲ ಪ್ರಕರಣ ವರದಿಯಾದದ್ದು 2021ರ ಜೂನ್‌ನಲ್ಲಿ, ವಾಶ್ಟೆನಾ ಕೌಂಟಿಯಲ್ಲಿ. ಇಲಿ ತುಂಬಿದ್ದ ಖಾಲಿ ಮನೆ ಸ್ವಚ್ಛ ಮಾಡುವಾಗ ತಗುಲಿರಬಹುದು ಎಂದರು. ಹಾಗಾಗಿ ಬಾಗಿಲು, ಕಿಟಕಿಗಳನ್ನೆಲ್ಲ ತೆರೆದು ಅರ್ಧ ಗಂಟೆ ಹೊರಗೆ ನಿಲ್ಲುತ್ತೇನೆ. ಆಮೇಲೆ ಕೈಗವಸು ಹಾಕಿಕೊಂಡು, ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ, ಹಿಕ್ಕೆ ಪೂರ್ತಿ ನೆನೆಯುವಂತೆ ಸಿಂಪಡಿಸಿ, ಐದು ನಿಮಿಷ ಬಿಟ್ಟು ಪೇಪರ್ ಟವೆಲ್‌ನಿಂದ ಒರೆಸಿ ಚೀಲಕ್ಕೆ ಹಾಕುತ್ತೇನೆ.

ವಸಂತದಲ್ಲಿ ಎಂಜಿನ್ ಶುರು ಮಾಡುವ ಮೊದಲು ಏರ್ ಫಿಲ್ಟರ್ ಪೆಟ್ಟಿಗೆಯ ಕ್ಲಿಪ್ ಬಿಚ್ಚಿ ನೋಡಿ. ಗಾಡಿಯೊಳಗೆ ಬರಲಾಗದ ಇಲಿ ಎಂಜಿನ್ನಿನ ಕಡೆಯಿಂದ ಪ್ರಯತ್ನ ಮಾಡಿರುತ್ತದೆ. ಫಿಲ್ಟರಿನ ಮಡಿಕೆಗಳಲ್ಲಿ ಜೋಳದ ಕಾಳು, ಮೇಪಲ್ ಬೀಜ ಜೋಡಿಸಿಟ್ಟಿದ್ದರೆ ಫಿಲ್ಟರ್ ಬದಲಿಸಿ, ಪಕ್ಕದ ವೈರುಗಳ ಮೇಲೆ ಹಲ್ಲಿನ ಗುರುತು ಇದೆಯೇ ಎಂದು ಟಾರ್ಚ್ ಹಿಡಿದು ನೋಡಿ, ಆಮೇಲೆ ಕೀಲಿ ತಿರುಗಿಸಿ. ಅದಕ್ಕೂ ಮೊದಲು ಆ ಕೆಂಪು ರಿಬ್ಬನ್ ಬಿಚ್ಚಿ, ಸೈಲೆನ್ಸರಿನ ಉಂಡೆ ತೆಗೆಯಿರಿ.